ಯಾವ ದಣಪೆಯಿಂದ ಹೊರಗೆ?

ಆಷಾಢದ ಒಂದು ಬೆಳಗ್ಗೆ ಅಕ್ಕನ ಫೋನು ಬಂತು. ತೀರ್ಥಹಳ್ಳಿ ಕಡೆಯ ಊರು ಅವಳದು. ಊರೆಂದರೆ ಸಾಲುಮನೆಗಳ ಬೀದಿಯಲ್ಲ. ಗುಡ್ಡದ ಎರಡು ಮಗ್ಗುಲಿಗೆ ಚದುರಿಕೊಂಡ ಹನ್ನೊಂದು ಒಂಟಿಮನೆಗಳು, ನಡುವೆ ಅಡಿಕೆ ತೋಟ. ಮನೆಯೊಳಗೆ ಮೊಬೈಲಿಗೆ ಸಿಗ್ನಲ್ ಇಲ್ಲ. ಕೊಡೆ ಹಿಡಿದು ರಸ್ತೆಯ ತಿರುವಿನವರೆಗೆ ನಡೆದು, ಸಿಗ್ನಲ್ ಸಿಗುವ ಒಂದು ಕಲ್ಲಿನ ಮೇಲೆ ನಿಂತು ಮಾತಾಡುತ್ತಿದ್ದಳು. "ನೀನು ಮಾಡಿನ ಮೇಲೆ ಕಟ್ಟಿಹೋದ ಪೆಟ್ಟಿಗೆ ಇದೆಯಲ್ಲ, ಅದರ ದೀಪ ಹಸುರಾಗೇ ಉರೀತಾ ಇದೆ ಮಾರಾಯಾ. ಆದ್ರೆ ಒಂದು ಮೆಸೇಜೂ ಆಚೆ ಹೋಗ್ತಿಲ್ಲ. ಅಂಗಡಿ ಮನೇಲಿ ಮಾತ್ರ ಚೆನ್ನಾಗಿ ಬರ್ತಿದೆಯಂತೆ."

ಆ ಪೆಟ್ಟಿಗೆಗಳನ್ನು ಕಟ್ಟಿದವನು ನಾನೇ. ತಪ್ಪು ನನ್ನದೇ ಎಂದು ಆಗಲೇ ಗೊತ್ತಾಯಿತು. ಏನು ತಪ್ಪು ಎಂದು ಗೊತ್ತಾಗಲು ಎರಡು ದಿನ ಬೇಕಾಯಿತು. ಆ ಎರಡು ದಿನದ ಕಥೆಗೆ ಬರುವ ಮುಂಚೆ ಈ ಪೆಟ್ಟಿಗೆಗಳ ಸಂಗತಿ ಸ್ವಲ್ಪ ಹೇಳಬೇಕು.

ಹನ್ನೊಂದು ಮನೆಗಳಲ್ಲಿ ಮೂರಕ್ಕೆ ಮಾತ್ರ ಫೈಬರ್ ತಂತಿ ಬಂದಿತ್ತು. ಗುಡ್ಡದ ನೆತ್ತಿಯ ಹತ್ತಿರ ಇರುವ ಮೇಲಿನ ಮನೆ, ರಸ್ತೆ ಬದಿಯ ಅಂಗಡಿ ಮನೆ, ಕೆಳಗಿನ ಹೊಳೆಬದಿ ಮನೆ. ಉಳಿದ ಎಂಟಕ್ಕೆ ತಂತಿ ಎಳೆಯಲು ಕಂಬ ಇಲ್ಲ. ಹಾಗಾಗಿ ಪ್ರತಿ ಮನೆಯ ಮಾಡಿನ ಮೇಲೂ ಒಂದೊಂದು ವೈಫೈ ರೌಟರ್ ಇಟ್ಟು, ಅವು ಒಂದರ ಕೈಯಿಂದ ಒಂದಕ್ಕೆ ದಾಟಿಸುತ್ತ ಹೋಗುವಂತೆ ಮಾಡಿದೆವು. ಇದಕ್ಕೆ ಮೆಶ್ ಜಾಲ ಎನ್ನುತ್ತಾರೆ. ಮೆಶ್ ಎಂದರೆ ಬಲೆ. ಬಲೆಯ ಒಂದೊಂದು ಗಂಟೂ ಒಂದು ನೋಡ್. ತಂತಿಯ ಮೂಲಕ ಹೊರಜಗತ್ತಿಗೆ ಹಾದಿ ಇರುವ ಗಂಟು ಗೇಟ್‌ವೇ. ಮಲೆನಾಡಿನವರಿಗೆ ಇದನ್ನು ವಿವರಿಸುವುದು ಸುಲಭ: ತೋಟದೊಳಗೆ ಹತ್ತು ಕಾಲುದಾರಿ ಇರಬಹುದು, ರಸ್ತೆಗೆ ಬೀಳಬೇಕಾದರೆ ಬೇಲಿಯಲ್ಲಿರುವ ಯಾವುದಾದರೂ ಒಂದು ದಣಪೆ ದಾಟಲೇಬೇಕು.

ದಣಪೆ ಮೂರಿವೆ. ಅಕ್ಕನ ಮನೆಯ ಪೆಟ್ಟಿಗೆ ಯಾವುದನ್ನು ಹಿಡಿಯಬೇಕು? ಪ್ರಶ್ನೆ ಇಷ್ಟೇ.

ಹತ್ತಿರದ್ದನ್ನು ಎನ್ನುತ್ತೀರಿ. ನಾನೂ ಹಾಗೇ ಎಂದುಕೊಂಡಿದ್ದೆ. ಆದರೆ ರೇಡಿಯೋ ಅಲೆಗೆ ಹತ್ತಿರ ಎಂದರೇನು? ಮಾರು ಹಾಕಿ ಅಳೆಯುವ ದೂರವಂತೂ ಅಲ್ಲ. ಎರಡು ಮನೆಗಳ ನಡುವೆ ಒಂದು ಕಿಲೋಮೀಟರ್ ಇದ್ದರೆ, 2.4 ಗಿಗಾಹರ್ಟ್ಸ್ ಅಲೆಗೆ ಕಣ್ಣಳತೆಯ ನೇರ ಗೆರೆ ಸಾಲದು. ಆ ಗೆರೆಯ ನಟ್ಟನಡುವೆ ಸುತ್ತಲೂ ಸುಮಾರು ಐದೂವರೆ ಮೀಟರಿನಷ್ಟು ಬಯಲು ಇದ್ದರೇ ಅದು ಆರಾಮವಾಗಿ ಹಾಯುತ್ತದೆ. ನಮ್ಮಲ್ಲಿ ಆ ನಡುವಿನಲ್ಲಿ ಇರುವುದು ಅಡಿಕೆ ಮರದ ತಲೆಗಳು. ಬೇಸಗೆಯಲ್ಲಿ ಪರವಾಗಿಲ್ಲ. ಜಡಿಮಳೆಯಲ್ಲಿ ನೆಂದ ಸೋಗೆ ಅಲೆಯನ್ನು ಹೀರಿಕೊಳ್ಳುತ್ತದೆ, ಗಾಳಿ ಬೀಸಿದರೆ ಒಂದು ಕ್ಷಣ ಬಿಡುತ್ತದೆ, ಮರುಕ್ಷಣ ಮುಚ್ಚುತ್ತದೆ.

ಈ ಹತ್ತಿರ-ದೂರವನ್ನು ಅಳೆಯುವ ಬಗೆಯನ್ನು ಚೆನ್ನಾಗಿ ಯೋಚಿಸಿದವರು ಅಮೆರಿಕದ ಕೇಂಬ್ರಿಜ್ ಊರಿನಲ್ಲಿರುವ ಎಂಐಟಿಯ ಸಂಶೋಧಕರು. ಅವರು ಊರಿನ ಮನೆಗಳ ಮಾಡಿನ ಮೇಲೆ, ಯಾವ ನಕ್ಷೆಯೂ ಇಲ್ಲದೆ, ಯಾರು ಒಪ್ಪಿದರೋ ಅವರ ಮನೆಯ ಮೇಲೆ ಆಂಟೆನಾ ನಿಲ್ಲಿಸಿ ರೂಫ್‌ನೆಟ್ ಎಂಬ ಜಾಲ ಕಟ್ಟಿದರು. 2005ರಲ್ಲಿ ಅವರು ಬರೆದ ಪ್ರಬಂಧದ ಹೊತ್ತಿಗೆ ಸುಮಾರು ನಾಲ್ಕು ಚದರ ಕಿಲೋಮೀಟರಿನಲ್ಲಿ 37 ನೋಡ್‌ಗಳಿದ್ದವು, ಗೇಟ್‌ವೇ ನಾಲ್ಕು. ಅವರ ಅಳತೆಗೋಲು ಮೀಟರ್ ಅಲ್ಲ, ಸಿಗ್ನಲ್ ಕಡ್ಡಿಗಳೂ ಅಲ್ಲ. ಮಾಹಿತಿಯ ಒಂದು ತುಣುಕು, ಅಂದರೆ ಪ್ಯಾಕೆಟ್, ಆ ಕಡೆ ಮುಟ್ಟಿ, ಮುಟ್ಟಿತು ಎಂಬ ಉತ್ತರ ಈ ಕಡೆ ಬರಬೇಕಾದರೆ ಸರಾಸರಿ ಎಷ್ಟು ಸಲ ಕಳಿಸಬೇಕಾಗುತ್ತದೆ? ಅದೇ ಅಳತೆ. ಹೋಗುವಾಗ ಎರಡರಲ್ಲಿ ಒಂದು ಕಳೆದುಹೋಗುತ್ತದೆ, ಉತ್ತರ ಬರುವಾಗಲೂ ಎರಡರಲ್ಲಿ ಒಂದು ಕಳೆದುಹೋಗುತ್ತದೆ ಎಂದಾದರೆ, ಒಂದು ಪ್ಯಾಕೆಟ್ಟಿಗೆ ನಾಲ್ಕು ಸಲದ ದುಡಿಮೆ. ಸುತ್ತಿ ಬಂದರೂ ಎರಡು ಗಟ್ಟಿ ಕೊಂಡಿಗಳ ಹಾದಿಗೆ ಎರಡು ಚಿಲ್ಲರೆ ಸಲ ಸಾಕು. ಹೊಳೆ ತುಂಬಿದಾಗ ಹಾಯ್ದು ಹೋಗುವವನಿಗಿಂತ ಸೇತುವೆ ಸುತ್ತಿ ಹೋದವನು ಮೊದಲು ಮನೆ ಸೇರುವುದಿಲ್ಲವೇ, ಹಾಗೆ.

ಗೇಟ್‌ವೇ ಯಾರು ಎಂಬುದನ್ನೂ ರೂಫ್‌ನೆಟ್‌ನಲ್ಲಿ ಯಾರೂ ನೇಮಿಸಲಿಲ್ಲ. ಪೆಟ್ಟಿಗೆಗೆ ಕರೆಂಟು ಬಂದೊಡನೆ ಅದು ತನ್ನ ತಂತಿಯ ತೂತನ್ನು ತಾನೇ ತಡವಿ ನೋಡುತ್ತಿತ್ತು. ಅಲ್ಲಿ ವಿಳಾಸ ಸಿಕ್ಕಿತೇ? ಹೊರಗಿನ ನಾಲ್ಕಾರು ಹೆಸರಾಂತ ಸರ್ವರ್‌ಗಳು ಉತ್ತರಿಸಿದವೇ? ಉತ್ತರಿಸಿದರೆ, ನಾನೊಂದು ಗೇಟ್‌ವೇ ಎಂದು ನೆರೆಹೊರೆಗೆಲ್ಲ ಸಾರುತ್ತಿತ್ತು. ಇಲ್ಲವಾದರೆ ಸುಮ್ಮನೆ ಆ ಮನೆಯ ಕಂಪ್ಯೂಟರುಗಳಿಗೆ ದಾರಿ ತೋರಿಸುವ ಕೆಲಸ ಮಾಡಿಕೊಂಡಿರುತ್ತಿತ್ತು. ನನ್ನ ತಪ್ಪಿನ ಸುಳಿವು ಈ ಮಾತಿನಲ್ಲೇ ಇದೆ.

ಇರಲಿ, ಅಳತೆ ಸಿಕ್ಕಿತು. ಆ ಅಳತೆಯಲ್ಲಿ ಯಾವ ದಣಪೆ ಹತ್ತಿರವೋ ಅದನ್ನು ಹಿಡಿದರೆ ಮುಗಿಯಿತಲ್ಲ? ಮುಗಿಯುವುದಿಲ್ಲ. ನಿಜವಾದ ತೊಡಕು ಇಲ್ಲಿಂದಲೇ ಶುರು.

ಗಾಳಿ ಬೀಸಿತು, ಮೇಲಿನ ಮನೆಯ ಹಾದಿ ಚೂರು ಕೆಟ್ಟಿತು, ಅಂಗಡಿ ಮನೆಯ ಹಾದಿ ಚೂರು ಮೇಲಾಯಿತು. ಪೆಟ್ಟಿಗೆ ಅಂಗಡಿ ಮನೆಗೆ ಹೊರಳಿತು. ಅರೆನಿಮಿಷಕ್ಕೆ ಗಾಳಿ ನಿಂತಿತು, ಮತ್ತೆ ಮೇಲಿನ ಮನೆ. ಲೆಕ್ಕದ ಪ್ರಕಾರ ಪ್ರತಿ ಕ್ಷಣವೂ ಅದು ಸರಿಯಾದದ್ದನ್ನೇ ಆರಿಸುತ್ತಿದೆ. ಆದರೆ ಅಕ್ಕನ ಮಗಳ ವಿಡಿಯೋ ಪಾಠ ನಿಮಿಷಕ್ಕೊಮ್ಮೆ ಕಡಿಯುತ್ತದೆ. ಏಕೆಂದರೆ ಹೊರಜಗತ್ತಿಗೆ ಅಕ್ಕನ ಮನೆ ಕಾಣುವುದೇ ಇಲ್ಲ. ಕಾಣುವುದು ದಣಪೆಯ ವಿಳಾಸ. ಮೇಲಿನ ಮನೆಯ ವಿಳಾಸದಿಂದ ಆರಂಭವಾದ ಮಾತು ಇದ್ದಕ್ಕಿದ್ದಂತೆ ಅಂಗಡಿ ಮನೆಯ ವಿಳಾಸದಿಂದ ಮುಂದುವರಿದರೆ, ಆಚೆ ತುದಿಯ ಸರ್ವರ್ 'ನೀನಾರು?' ಎನ್ನುತ್ತದೆ. ಬ್ಯಾಂಕಿನಲ್ಲಿ ಮೂರನೇ ಕೌಂಟರಿನ ಟೋಕನ್ ಹಿಡಿದು, ಸಾಲು ಚಿಕ್ಕದಿದೆ ಎಂದು ಐದನೇ ಕೌಂಟರಿಗೆ ಹಾರಿದವನ ಪಾಡು. ಮತ್ತೆ ಸರದಿಯ ಬಾಲದಲ್ಲೇ ನಿಲ್ಲಬೇಕು.

ರೂಫ್‌ನೆಟ್‌ನವರು ಇದಕ್ಕೆ ಮಾಡಿದ ಉಪಾಯ ನನಗೆ ಬಹಳ ಇಷ್ಟ. ಈಗಾಗಲೇ ನಡೆಯುತ್ತಿರುವ ಸಂಪರ್ಕ ಹಳೆಯ ಗೇಟ್‌ವೇಯಲ್ಲೇ ಮುಗಿಯಲಿ. ಹೊಸದಾಗಿ ಶುರುವಾಗುವುದು ಮಾತ್ರ ಈಗ ಯಾವುದು ಒಳ್ಳೆಯದೋ ಅದರಲ್ಲಿ ಹೋಗಲಿ. ಅರ್ಧ ಕೊಯ್ದ ಗದ್ದೆಯನ್ನು ಬಿಟ್ಟು ಆಳು ಕದಲುವುದಿಲ್ಲ, ನಾಳೆಯ ಕೆಲಸ ಮಾತ್ರ ಬೇರೆ ಕಡೆ ಒಪ್ಪಿಕೊಳ್ಳುತ್ತಾನೆ.

ಬೇರೊಂದು ದಾರಿ ಬರ್ಲಿನ್‌ನಿಂದ ಬಂತು. ಅಲ್ಲಿಯ ಫ್ರೈಫುಂಕ್ ಬಳಗದ ಕಥೆ ಒಂದು ವ್ಯಂಗ್ಯದಿಂದ ಶುರುವಾಗುತ್ತದೆ. ಎರಡು ಜರ್ಮನಿಗಳು ಒಂದಾದ ಮೇಲೆ, 1990ರ ದಶಕದಲ್ಲಿ, ಪೂರ್ವ ಬರ್ಲಿನ್ನಿನ ಹಲವು ಬಡಾವಣೆಗಳಿಗೆ ಆ ಕಾಲದ ಅತಿ ನವೀನ ಗಾಜಿನೆಳೆಯ ಟೆಲಿಫೋನ್ ಜಾಲ ಹಾಕಿದರು. ಆಮೇಲೆ ಬಂದ ಡಿಎಸ್ಎಲ್ ಬ್ರಾಡ್‌ಬ್ಯಾಂಡ್‌ಗೆ ಬೇಕಾಗಿದ್ದದ್ದು ಹಳೆಯ ತಾಮ್ರದ ತಂತಿ. ಹಳೆ ತಂತಿ ಉಳಿದಿದ್ದ ಕಡೆ ವೇಗದ ಇಂಟರ್ನೆಟ್ ಬಂತು, ಹೊಸ ಗಾಜಿನೆಳೆಯವರು ಬಾಯಿ ಬಿಟ್ಟುಕೊಂಡು ಕೂತರು. ಆಗ ಹುಡುಗರು ಮಾಡು ಹತ್ತಿದರು. 2003ರ ಸುಮಾರಿಗೆ ಫ್ರೈಫುಂಕ್ ಎಂಬ ಹೆಸರಿನಲ್ಲಿ, ಇದ್ದವರ ಲೈನನ್ನು ಇಲ್ಲದವರಿಗೆ ಮಾಡಿನಿಂದ ಮಾಡಿಗೆ ದಾಟಿಸುವ ಕೆಲಸ ನಡೆಯಿತು.

ಮೊದಲು ಅವರು ಬಳಸಿದ್ದು ಓಎಲ್ಎಸ್ಆರ್ ಎಂಬ ವಿಧಾನ. ಅದರಲ್ಲಿ ಪ್ರತಿ ಪೆಟ್ಟಿಗೆಗೂ ಇಡೀ ಊರಿನ ನಕ್ಷೆ ತಲೆಯಲ್ಲಿರಬೇಕು. ಜಾಲ ನೂರಾರು ನೋಡ್‌ಗಳಿಗೆ ಬೆಳೆದಾಗ ಅಗ್ಗದ ಪುಟ್ಟ ರೌಟರುಗಳು ಈ ಲೆಕ್ಕಕ್ಕೆ ಏದುಸಿರು ಬಿಟ್ಟವು. ಹಾಗಾಗಿ ಆ ಬಳಗದವರೇ ಬ್ಯಾಟ್‌ಮ್ಯಾನ್ ಎಂಬ ಇನ್ನೊಂದನ್ನು ಹೆಣೆದರು. ಕಾಮಿಕ್ಸ್ ವೀರನ ಹೆಸರು ಬರಲೆಂದೇ ಅಕ್ಷರ ಜೋಡಿಸಿದ್ದಾರೆ, ಅದು ಅವರ ಚೇಷ್ಟೆ. ಅದರಲ್ಲಿ ಯಾರಿಗೂ ಪೂರ್ತಿ ನಕ್ಷೆ ಬೇಡ. ಇಂಥ ಮನೆಗೆ ಹೋಗಬೇಕಾದರೆ ನನ್ನ ಯಾವ ನೆರೆಯವನ ಕೈಗೆ ಕೊಡಬೇಕು ಎಂಬುದಷ್ಟು ಗೊತ್ತಿದ್ದರೆ ಸಾಕು. 2011ರಲ್ಲಿ ಅದು ಲಿನಕ್ಸ್ ಕರ್ನಲ್ಲಿನೊಳಗೇ ಸೇರಿತು. ಅಕ್ಕನ ಊರಿನಲ್ಲಿ ನಾನು ಬಳಸಿದ್ದೂ ಅದನ್ನೇ.

ಬ್ಯಾಟ್‌ಮ್ಯಾನ್ ಗೇಟ್‌ವೇ ಆರಿಸುವ ರೀತಿಯನ್ನು ನಮ್ಮ ಕೈಗೆ ಬಿಡುತ್ತದೆ. ಕೊಂಡಿಯ ಗುಣಕ್ಕೆ ಅದು 255ರವರೆಗೆ ಅಂಕ ಕೊಡುತ್ತದೆ. ಒಂದು ರೀತಿಯಲ್ಲಿ, ಒಮ್ಮೆ ಹಿಡಿದ ಗೇಟ್‌ವೇ ಕಣ್ಮರೆಯಾಗುವ ತನಕ ಬಿಡುವುದೇ ಇಲ್ಲ. ಇನ್ನೊಂದರಲ್ಲಿ, ಚೂರು ಮೇಲಿನದು ಕಂಡರೂ ಹಾರುತ್ತದೆ. ಮೂರನೆಯದರಲ್ಲಿ, ಹೊಸದು ಹಳೆಯದಕ್ಕಿಂತ ಇಂತಿಷ್ಟು ಅಂಕ ಮುಂದಿದ್ದರೆ ಮಾತ್ರ ಬದಲಾಗು ಎಂದು ನಾವು ಹೇಳಬಹುದು. ನಾವೇನೂ ಹೇಳದಿದ್ದರೆ ಅದು 20 ಎಂದು ಇಟ್ಟುಕೊಳ್ಳುತ್ತದೆ. ಹತ್ತೊಂಬತ್ತು ಅಂಕ ಮೇಲಿದ್ದರೂ ಅಲ್ಲಾಡಬೇಡ ಎಂದು ಯಂತ್ರಕ್ಕೆ ಹೇಳಿಕೊಡುವುದು. ನನ್ನ ಮಟ್ಟಿಗೆ ಈ ಇಡೀ ವಿದ್ಯೆಯ ತಿರುಳು ಇದೇ. ಒಳ್ಳೆಯದನ್ನು ಹುಡುಕುವ ಲೆಕ್ಕವನ್ನು ಯಾರು ಬೇಕಾದರೂ ಬರೆಯಬಹುದು. ಎಷ್ಟು ಒಳ್ಳೆಯದು ಕಂಡರೂ ಕೂತಲ್ಲಿಂದ ಏಳಬಾರದು ಎಂದು ತೀರ್ಮಾನಿಸಲು ಆ ಊರಿನ ಮಳೆಗಾಳಿ ಗೊತ್ತಿರಬೇಕು.

ಇನ್ನೂ ಒಂದು ರೀತಿ ಇದೆ, ಅದು ತಮಾಷೆಯದು. ಕೊಂಡಿಯ ಗುಣವನ್ನು ವರ್ಗ ಮಾಡಿ ಗೇಟ್‌ವೇಯ ವೇಗದಿಂದ ಗುಣಿಸುತ್ತದೆ, ಯಾರಿಗೆ ಹೆಚ್ಚು ಬಂತೋ ಅವರನ್ನು ಆರಿಸುತ್ತದೆ. ಕೇಳಲು ಚೆನ್ನಾಗಿದೆ. ಆದರೆ ಆ ವೇಗ ಅಳೆದದ್ದಲ್ಲ, ಗೇಟ್‌ವೇಯ ಯಜಮಾನ ತಾನೇ ಟೈಪಿಸಿದ್ದು. ಏನೂ ಬರೆಯದಿದ್ದರೆ ಕೆಳಕ್ಕೆ 10, ಮೇಲಕ್ಕೆ 2 ಮೆಗಾಬಿಟ್ ಎಂದು ಅದೇ ಸಾರುತ್ತದೆ. ಹೆಣ್ಣು ನೋಡಲು ಬರುವವರು ಕೊಡುವ ಚೀಟಿಯಲ್ಲಿ ಹುಡುಗನ ಸಂಬಳ ಬರೆದಿರುತ್ತದಲ್ಲ, ಅಂಥದ್ದು. ನಾನು ಆ ರೀತಿಯನ್ನು ಮುಟ್ಟಲಿಲ್ಲ.

ಈಗ ಅಕ್ಕನ ಹಸುರು ದೀಪಕ್ಕೆ ಬರುತ್ತೇನೆ.

ಮೇಲಿನ ಮನೆ ನೆತ್ತಿಯಲ್ಲಿದೆ, ಎಲ್ಲ ಮನೆಗೂ ಕಾಣುತ್ತದೆ. ಕಾಗದದ ಮೇಲೆ ಅದಕ್ಕಿಂತ ಒಳ್ಳೆಯ ಗೇಟ್‌ವೇ ಇಲ್ಲ, ಎಂಟು ಮನೆಗಳೂ ಅದನ್ನೇ ಹಿಡಿದಿದ್ದವು. ಹೋಗಿ ನೋಡಿದರೆ ಅಲ್ಲಿ ರೌಟರ್ ಇನ್ವರ್ಟರಿನ ಪ್ಲಗ್ಗಿನಲ್ಲಿತ್ತು. ಫೈಬರ್ ತಂತಿ ಬಂದು ಸೇರುವ ಬಿಳಿಯ ಡಬ್ಬಿ ಮಾತ್ರ ಪಕ್ಕದ ಮಾಮೂಲಿ ಪ್ಲಗ್ಗಿನಲ್ಲಿತ್ತು. ಮಳೆಗಾಲದ ಮಲೆನಾಡು, ಮರ ಬಿದ್ದು ಕರೆಂಟು ಹೋಗಿ ಎರಡು ದಿನವಾಗಿತ್ತು. ಫೈಬರ್ ಡಬ್ಬಿ ಸತ್ತಿತ್ತು, ಮಾಡಿನ ಮೇಲಿನ ರೇಡಿಯೋ ಜೀವಂತವಾಗಿತ್ತು. 'ನಾನು ಗೇಟ್‌ವೇ, ಬನ್ನಿ ಬನ್ನಿ' ಎಂದು ಕೂಗುತ್ತಲೇ ಇತ್ತು. ಅದರ ಸಿಗ್ನಲ್ ಎಲ್ಲರಿಗಿಂತ ಜೋರು. ಎಂಟು ಮನೆಗಳ ಪ್ಯಾಕೆಟ್ಟುಗಳೂ ಅಲ್ಲಿಗೆ ಹೋಗಿ ಹಾಳುಬಾವಿಗೆ ಬೀಳುತ್ತಿದ್ದವು. ಅಷ್ಟು ಹೊತ್ತೂ, ಯುಪಿಎಸ್ ಇದ್ದ ಅಂಗಡಿ ಮನೆಯಲ್ಲಿ ಒಳ್ಳೆಯ ಲೈನು ಖಾಲಿ ಬಿದ್ದಿತ್ತು.

ಬ್ಯಾಟ್‌ಮ್ಯಾನ್ ರೇಡಿಯೋ ಕೊಂಡಿಯನ್ನಷ್ಟೇ ಅಳೆಯುತ್ತದೆ, ಗೇಟ್‌ವೇಯ ಬೆನ್ನಿನ ತಂತಿ ಬದುಕಿದೆಯೋ ಇಲ್ಲವೋ ನೋಡುವುದು ಅದರ ಕೆಲಸವಲ್ಲ. ಅದನ್ನು ನಾವು ನೋಡಿಕೊಳ್ಳಬೇಕು. ಓಎಲ್ಎಸ್ಆರ್‌ಗೆ ಇದಕ್ಕೆಂದೇ ಒಂದು ಚಿಕ್ಕ ಜೋಡಣೆ ಇತ್ತು: ಹೊರಗಿನ ವಿಳಾಸಗಳಿಗೆ ಆಗಾಗ ಪಿಂಗ್ ಮಾಡಿ, ಉತ್ತರ ಬಾರದಿದ್ದರೆ ಗೇಟ್‌ವೇ ಎಂಬ ಸಾರುವಿಕೆಯನ್ನು ಹಿಂತೆಗೆದುಕೊಳ್ಳುವುದು. ರೂಫ್‌ನೆಟ್ಟಿನ ಪೆಟ್ಟಿಗೆಯೂ ತಡವಿ ನೋಡಿದ ಮೇಲೇ ಬಾಯಿ ತೆರೆಯುತ್ತಿತ್ತು ಎಂದೆನಲ್ಲ. ನಾನು ಅಂಥ ತಪಾಸಣೆಯ ಹತ್ತು ಸಾಲು ಕೋಡ್ ಬರೆಯದೆ ಬಂದಿದ್ದೆ. ಬೇಸಗೆಯಲ್ಲಿ ಕಟ್ಟಿದ್ದರಿಂದ ಹೊಳೆಯಲೇ ಇಲ್ಲ. ಈಗ ಗೇಟ್‌ವೇ ಪೆಟ್ಟಿಗೆ ಪ್ರತಿ ನಿಮಿಷ ಹೊರಗಿನ ಮೂರು ಕಡೆ ಕೂಗಿ ನೋಡುತ್ತದೆ. ಮೂರೂ ಸುಮ್ಮನಿದ್ದರೆ ತಾನೂ ಗೇಟ್‌ವೇ ಎನ್ನುವುದನ್ನು ನಿಲ್ಲಿಸುತ್ತದೆ. ಒಂದೇ ಕಡೆ ಕೇಳಿದರೆ ಸಾಲದು, ಆ ಒಂದು ಸರ್ವರ್ ಕೆಟ್ಟರೂ ಊರೆಲ್ಲ ಕೆಟ್ಟಿತೆಂದು ತಿಳಿದುಬಿಡುತ್ತದೆ.

ಯಾವ ಮನೆಗಳನ್ನು ಗೇಟ್‌ವೇ ಮಾಡಬೇಕೆಂದು ಮೊದಲೇ ಯೋಜಿಸುವವರಿಗೆ ಬೇರೆ ತಲೆನೋವಿದೆ. ಇಪ್ಪತ್ತು ಮನೆಯಲ್ಲಿ ಮೂರನ್ನು ಆರಿಸಲು 1,140 ಬಗೆ. ಕೂತು ಎಲ್ಲವನ್ನೂ ನೋಡಬಹುದು. ನೂರು ಮನೆಯಲ್ಲಿ ಹತ್ತನ್ನು ಆರಿಸಲು ಹದಿನೇಳು ಲಕ್ಷ ಕೋಟಿಗೂ ಮಿಕ್ಕಿ ಬಗೆಗಳಿವೆ. ಹಾಗಾಗಿ ಹೆಚ್ಚಿನವರು ಮಾಡುವುದು ಇಷ್ಟೇ: ಅತಿ ಹೆಚ್ಚು ಮನೆಗಳನ್ನು ಮುಟ್ಟುವುದನ್ನು ಮೊದಲು ಹಿಡಿ, ಉಳಿದವರಲ್ಲಿ ಹೆಚ್ಚು ಜನರನ್ನು ಮುಟ್ಟುವುದನ್ನು ಆಮೇಲೆ ಹಿಡಿ, ಹೀಗೇ ಸಾಗು. ಇದು ಅತ್ಯುತ್ತಮವಲ್ಲ, ಕೆಟ್ಟದ್ದೂ ಅಲ್ಲ.

ಆದರೆ ಎಲ್ಲರನ್ನೂ ಮುಟ್ಟಿತು ಎಂದರೆ ಎಲ್ಲರಿಗೂ ಸಿಕ್ಕಿತು ಎಂದಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದ ರೈತರನ್ನು ಕೇಳಿ. ನಕ್ಷೆಯಲ್ಲಿ ಅವರ ಹೊಲಕ್ಕೂ ಕಾಲುವೆ ಇದೆ, ನೀರು ತಲುಪುವುದು ಮಾತ್ರ ಕಷ್ಟ. ಮೆಶ್‌ನಲ್ಲೂ ಹಾಗೆಯೇ, ಅಲ್ಲಿ ಗಾಳಿಯೇ ಕಾಲುವೆ. ಒಂದೇ ಚಾನೆಲ್ಲಿನ ಒಂದೇ ರೇಡಿಯೋ ಇರುವ ಪೆಟ್ಟಿಗೆ ಕೇಳುವಾಗ ಹೇಳಲಾರದು, ಹೇಳುವಾಗ ಕೇಳಲಾರದು. ಎರಡು ಹೆಜ್ಜೆ ದೂರದವನಿಗೆ ವೇಗ ಅರ್ಧಕ್ಕೆ ಇಳಿಯುತ್ತದೆ, ಮೂರು ಹೆಜ್ಜೆಯಾದರೆ ಮೂರನೇ ಒಂದು ಪಾಲು. ದಣಪೆಯ ಪಕ್ಕದ ಮನೆಯವನು ಸಿನಿಮಾ ನೋಡಲು ಕೂತರೆ ಕೊನೆಯ ಮನೆಯವನ ಪ್ಯಾಕೆಟ್ಟಿಗೆ ಸರದಿಯೇ ಬಾರದು. ಅದಕ್ಕೇ ಹೊಳೆಬದಿ ಮನೆಯ ಲೈನು ನಿಧಾನದ್ದಾದರೂ ಅದನ್ನು ಗೇಟ್‌ವೇಯಾಗಿ ಉಳಿಸಿಕೊಂಡೆವು. ಅದರ ಆಚೆಗಿನ ಎರಡು ಮನೆಗಳಿಗೆ ಅದು ಒಂದೇ ಹೆಜ್ಜೆ. ಒಟ್ಟು ಲೆಕ್ಕದಲ್ಲಿ ಇದು ನಷ್ಟ, ಆ ಎರಡು ಮನೆಯವರ ಲೆಕ್ಕದಲ್ಲಿ ಅಲ್ಲ.

ಇಷ್ಟು ಯಂತ್ರದ ಮಾತು. ಅಂಗಡಿ ಮನೆಯನ್ನು ಮುಖ್ಯ ಗೇಟ್‌ವೇ ಮಾಡೋಣ ಎಂದಾಗ ಅಂಗಡಿ ರಾಯರು ಅಡಿಕೆ ಹೋಳು ಬಾಯಿಗೆ ಹಾಕಿಕೊಂಡು ಒಂದೇ ಪ್ರಶ್ನೆ ಕೇಳಿದರು. "ಯಾರಾದ್ರೂ ಹಲ್ಕಾ ಕೆಲಸ ಮಾಡಿದ್ರೆ ಪೊಲೀಸ್ರು ಯಾರ ಮನೆಗೆ ಬರ್ತಾರೆ? ಲೈನು ನನ್ ಹೆಸರಲ್ಲಿದೆಯಲ್ಲಾ?"

ಬರ್ಲಿನ್ನಿನವರು ತಲೆ ಕೆಡಿಸಿಕೊಂಡದ್ದೂ ಇದೇ ಪ್ರಶ್ನೆಗೆ. 2010ರ ಮೇ 12ರಂದು ಜರ್ಮನಿಯ ಅತ್ಯುನ್ನತ ಸಿವಿಲ್ ನ್ಯಾಯಾಲಯ ಒಂದು ತೀರ್ಪು ಕೊಟ್ಟಿತು. ಭದ್ರಪಡಿಸದ ವೈಫೈ ಬಳಸಿ ಬೇರೆ ಯಾರೋ ಕೃತಿಸ್ವಾಮ್ಯ ಮುರಿದರೂ ಲೈನಿನ ಒಡೆಯನಿಗೆ ನೋಟಿಸು ಕೊಡಬಹುದು, ಅದರ ಖರ್ಚನ್ನು ಅವನಿಂದ ವಸೂಲು ಮಾಡಬಹುದು ಎಂದಾಯಿತು. ನೆರೆಯವನಿಗೆ ದಣಪೆ ತೆರೆದಿಟ್ಟವನ ಮನೆಗೆ ವಕೀಲರ ಕಾಗದ. ಆಗ ಫ್ರೈಫುಂಕ್ ಬಳಗದವರು ದಣಪೆಯನ್ನೇ ಎತ್ತಿ ಬೇರೆ ಕಡೆ ಇಟ್ಟರು. ಮನೆಯ ಲೈನಿನೊಳಗೆ ಒಂದು ಸುರಂಗ ಕೊರೆದು, ಎಲ್ಲರ ಪ್ಯಾಕೆಟ್ಟುಗಳನ್ನೂ ಅದರಲ್ಲಿ ಸಾಗಿಸಿ, ಸಂಘದ ಹೆಸರಿನ ಸರ್ವರಿನಿಂದ ಹೊರಬಿಟ್ಟರು. ಕೆಲವು ಸಲ ಆ ಹೊರದಾರಿ ಸ್ವೀಡನ್ನಿನಲ್ಲಿ ಇರುತ್ತಿತ್ತು. ಬರ್ಲಿನ್ನಿನ ಒಂದು ಮನೆಯಿಂದ ಪಕ್ಕದ ಬೀದಿಯ ಅಂಗಡಿಯ ವೆಬ್‌ಸೈಟ್ ನೋಡಲು ಸ್ವೀಡನ್ ಸುತ್ತಿ ಬರಬೇಕು. ಹಾದಿಯ ಲೆಕ್ಕದಲ್ಲಿ ಇದರಷ್ಟು ದಡ್ಡ ಆಯ್ಕೆ ಇಲ್ಲ. ಆದರೆ ಲೈನಿನ ಒಡೆಯ ರಾತ್ರಿ ನೆಮ್ಮದಿಯಾಗಿ ಮಲಗಿದ. 2017ರಲ್ಲಿ ಕಾನೂನು ಬದಲಾಗಿ ಈ ಹೊಣೆ ಬಹುಮಟ್ಟಿಗೆ ಇಳಿಯಿತು.

ನಮ್ಮಲ್ಲಿ 2020ರ ಡಿಸೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ-ವಾಣಿ ಯೋಜನೆಯಲ್ಲಿ ಚಿಕ್ಕ ಅಂಗಡಿಯವರೂ ಲೈಸೆನ್ಸ್ ಇಲ್ಲದೆ ಸಾರ್ವಜನಿಕ ವೈಫೈ ಕೊಡಲು ದಾರಿ ಇದೆ. ಬಳಸುವವರು ಅದರಲ್ಲಿ ತಮ್ಮ ಗುರುತು ಕೊಟ್ಟೇ ಒಳಗೆ ಬರಬೇಕು. ರಾಯರಿಗೆ ಅದನ್ನು ಹೇಳಿದೆ. ಅವರು ಪೂರ್ತಿ ಒಪ್ಪಿದರೆಂದು ಹೇಳಲಾರೆ. ಆದರೆ ಸಾಲದ ಪುಸ್ತಕದ ಹಿಂಭಾಗದಲ್ಲಿ ಹನ್ನೊಂದು ಮನೆಯವರ ಸಹಿ ಹಾಕಿಸಿಕೊಂಡರು.

ದಣಪೆಯೇ ಇಲ್ಲದೆ ನಡೆಯುವ ಮೆಶ್ ಇಲ್ಲವೇ ಎಂದು ಕೇಳಬಹುದು. ಬೇಕಾದಷ್ಟು ನಡೆಯುತ್ತದೆ. ತುಮಕೂರು ಜಿಲ್ಲೆಯ ದೇವರಾಯನದುರ್ಗದ ಆಸುಪಾಸಿನ ಹಳ್ಳಿಗಳಲ್ಲಿ ಜನಸ್ತು ಎಂಬ ಸಂಸ್ಥೆ ಊರವರೊಡನೆ ಕಟ್ಟಿದ ಸಮುದಾಯ ಮೆಶ್ ಇದೆ. ಅಲ್ಲಿಯ ಜನ ತಾವೇ ಹೇಳಿ ಧ್ವನಿಮುದ್ರಿಸಿದ ಮಾತು-ಕಥೆಗಳು ಊರೊಳಗಿನ ಸರ್ವರಿನಿಂದಲೇ ಕೇಳಿಸಬಲ್ಲವು. ಅಕ್ಕನ ಊರಿನಲ್ಲೂ ಮೂರು ಲೈನುಗಳು ಒಟ್ಟಿಗೆ ಕೆಟ್ಟ ದಿನ ಮನೆಯಿಂದ ಮನೆಗೆ ಮಾತಾಡಬಹುದು. ಕರೆಂಟು ಯಾವಾಗ ಬರುತ್ತದೆ ಎಂದು ಒಬ್ಬರನ್ನೊಬ್ಬರು ಕೇಳಲು ಅಷ್ಟು ಸಾಕು.

ಕೊನೆಗೆ ಅಂಗಡಿ ಮನೆಯೇ ಮುಖ್ಯ ಗೇಟ್‌ವೇ ಆಯಿತು. ಸಿಗ್ನಲ್ಲಿನಲ್ಲಿ ಅದು ಮೇಲಿನ ಮನೆಗಿಂತ ಹಿಂದೆ, ನಡುವೆ ಒಂದು ಹಲಸಿನ ಮರವೂ ಅಡ್ಡ ಇದೆ. ಆದರೆ ಅಲ್ಲಿ ಯುಪಿಎಸ್ ಇದೆ, ಬೆಳಗಿನಿಂದ ರಾತ್ರಿಯವರೆಗೆ ಮನುಷ್ಯರಿದ್ದಾರೆ, ಕೆಂಪು ದೀಪ ಕಂಡರೆ ಒಮ್ಮೆ ಆರಿಸಿ ಹಾಕುವವರಿದ್ದಾರೆ. ಮೇಲಿನ ಮನೆಯಲ್ಲಿ ಫೈಬರ್ ಡಬ್ಬಿಯನ್ನು ಇನ್ವರ್ಟರಿನ ಪ್ಲಗ್ಗಿಗೆ ಬದಲಿಸಿ ಎರಡನೆಯ ಸಾಲಿನಲ್ಲಿ ಇಟ್ಟಿದ್ದೇವೆ. ಬದಲಾಗುವ ಅಂಕವನ್ನು 20ರಿಂದ 50ಕ್ಕೆ ಏರಿಸಿದೆ, ಹಲಸಿನ ಮರ ಅಲ್ಲಾಡಿದ್ದಕ್ಕೆಲ್ಲ ಊರು ಹೊರಳದಿರಲಿ ಎಂದು.

ಕಳೆದ ತಿಂಗಳು ಹೋದಾಗ ಅಂಗಡಿಯ ಗೋಡೆಯ ಸ್ವಿಚ್ಚಿನ ಮೇಲೆ ಬಿಳಿ ಟೇಪು ಅಂಟಿಸಿದ್ದು ಕಂಡೆ. ಇದನ್ನು ಆರಿಸಬೇಡಿ ಎಂದು ರಾಯರ ಮೊಮ್ಮಗಳು ದಪ್ಪ ಅಕ್ಷರದಲ್ಲಿ ಬರೆದಿದ್ದಳು. ಕೆಳಗೆ ಸಣ್ಣದಾಗಿ, ಅಜ್ಜ, ನೀವೂ ಅಷ್ಟೇ.